ಬೋರ್ಡಿನ ಖರ್ಚೆಲ್ಲ ಹೊಂಡಕ್ಕೇ

ನನ್ನದು ಕಾಸರಗೋಡಿನ ಕುಂಬಳೆ ಹತ್ತಿರ ಒಂದು ಸಣ್ಣ ವೆಲ್ಡಿಂಗ್ ಶಾಪ್. ಗೇಟು, ಗ್ರಿಲ್, ಶೀಟಿನ ಮಾಡು ದಿನದ ಕೆಲಸ. ದೊಡ್ಡ ಬೋರ್ಡು ವರ್ಷಕ್ಕೆ ನಾಲ್ಕೈದು ಬರುತ್ತವೆ, ಹೆಚ್ಚಿನವು ದೇವಸ್ಥಾನದವು. ನಮ್ಮ ಕಡೆ ಬೋರ್ಡು ಸ್ವಲ್ಪ ದೊಡ್ಡದೇ ಆಗುತ್ತದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು, ಯಾರ ಅಕ್ಷರವೂ ಸಣ್ಣದಾಗುವ ಹಾಗಿಲ್ಲ. ಭಾಷೆ ಒಂದು ಜಾಸ್ತಿಯಾದರೆ ಎತ್ತರ ಎರಡಡಿ ಜಾಸ್ತಿ, ಗಾಳಿಯೂ ಅಷ್ಟೇ ಜಾಸ್ತಿ.

ನಾನು ಮೊದಲು ಮಾಡಿದ ದೊಡ್ಡ ಬೋರ್ಡು 12 ಅಡಿ ಅಗಲ, 8 ಅಡಿ ಎತ್ತರದ್ದು. ನೆಲದಿಂದ 8 ಅಡಿ ಮೇಲೆ, ಎರಡು ನಾಲ್ಕಿಂಚಿನ ಪೈಪಿನ ಮೇಲೆ ನಿಲ್ಲಿಸಿದ್ದೆ. ಹೊಂಡ ಎರಡೂವರೆ ಅಡಿ. ಬೋರ್ಡು, ಫ್ರೇಮು ಎಲ್ಲ ಸೇರಿ ಇನ್ನೂರು ಕಿಲೋ ದಾಟುವುದಿಲ್ಲ, ನಾಲ್ಕಿಂಚಿನ ಪೈಪು ಧಾರಾಳ ಸಾಕು ಅಂತ ನನ್ನ ಲೆಕ್ಕ. 2021ರ ಮೇ ತಿಂಗಳಲ್ಲಿ ತೌಕ್ತೇ ಚಂಡಮಾರುತ ಬಂತಲ್ಲ, ಅದು ಕಡಲಿನಲ್ಲೇ ಬಡಗು ದಿಕ್ಕಿಗೆ ಹೋದದ್ದು, ಆದರೂ ಅದರ ಗಾಳಿ ನನ್ನ ಲೆಕ್ಕವನ್ನು ಒಂದೇ ರಾತ್ರಿಯಲ್ಲಿ ಮಗುಚಿ ಹಾಕಿತು. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಪೈಪು ಕಾಂಕ್ರೀಟಿನ ಬಾಯಿಯಲ್ಲೇ ಹಿಸುಕಿ, ಕಾಗದ ಮಡಚಿದ ಹಾಗೆ ಮಡಚಿತ್ತು. ಇನ್ನೊಂದು ಕಾಂಕ್ರೀಟ್ ಮುದ್ದೆ ಸಮೇತ ಹಲ್ಲು ಕಿತ್ತ ಹಾಗೆ ಮೇಲೆ ಬಂದಿತ್ತು. ನನ್ನ ವೆಲ್ಡಿಂಗ್ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅದನ್ನು ಯಾರಿಗೆ ಹೇಳುವುದು?

ಪುಣ್ಯಕ್ಕೆ ರಾತ್ರಿ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಪರಿಚಯದ ಒಬ್ಬ ಸಿವಿಲ್ ಎಂಜಿನಿಯರ್ ಹತ್ತಿರ ಹೋಗಿ ಕೂತೆ. ಅವರು ಬೋರ್ಡಿನ ತೂಕವನ್ನು ಕೇಳಲೇ ಇಲ್ಲ. ಅಗಲ ಎಷ್ಟು, ಎತ್ತರ ಎಷ್ಟು, ಮಧ್ಯಭಾಗ ನೆಲದಿಂದ ಎಷ್ಟು ಮೇಲೆ, ಇಷ್ಟೇ. ಕಟ್ಟಡಗಳ ಮೇಲಿನ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟಿರುವ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ನಮಗೂ ಅದನ್ನೇ ಹಿಡಿಯುವ ಅಂದರು. ಆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಚದರ ಮೀಟರಿಗೆ 93 ಕಿಲೋ. ಚಪ್ಪಟೆ ಹಲಗೆಗೆ ಇನ್ನೂ ಸ್ವಲ್ಪ ಸೇರಿಸಬೇಕು. ನನ್ನ ಬೋರ್ಡು ಸುಮಾರು 9 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ ಒಂದು ಟನ್, ಅದೂ ಅಡ್ಡಕ್ಕೆ, ನೆಲದಿಂದ 12 ಅಡಿ ಮೇಲೆ ಹಿಡಿದು ದೂಡಿದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ದೂಡುವ ಬಲ ನಾಲ್ಕು ಪಟ್ಟು. ಇಷ್ಟು ವರ್ಷ ಇದು ಗೊತ್ತಿಲ್ಲದೆಯೇ ಬೋರ್ಡು ನಿಲ್ಲಿಸಿದೆನಲ್ಲ ಅಂತ ಅಲ್ಲೇ ಬೆವರಿದೆ.

ಆ ಲೆಕ್ಕಕ್ಕೆ ನಾಲ್ಕಿಂಚಿನ ಪೈಪಿನ ಬಲ ಅರ್ಧಕ್ಕೂ ಸಾಲುವುದಿಲ್ಲ. ಈಗ ನಾನು ಇದೇ ಅಳತೆಯ ಬೋರ್ಡಿಗೆ 150ಕ್ಕೆ 150 ಮಿಲಿಮೀಟರಿನ, 5 ಮಿಲಿಮೀಟರ್ ದಪ್ಪದ ಚೌಕ ಪೈಪು ಹಾಕುತ್ತೇನೆ. ಕೆಲವರು ಹಳೆ ಐ ಬೀಮ್ ತಂದು ಕೊಡುತ್ತಾರೆ. ಒಳ್ಳೆಯದೇ, ಆದರೆ ತಿರುಗಿಸಿ ನಿಲ್ಲಿಸಿದರೆ ಕೆಟ್ಟಿತು. ಆರಿಂಚಿನ ಬೀಮು ಸರಿಯಾದ ದಿಕ್ಕಿಗೆ ತಡೆಯುವುದರಲ್ಲಿ ಏಳನೇ ಒಂದು ಪಾಲು ಕೂಡ ಅಡ್ಡ ದಿಕ್ಕಿಗೆ ತಡೆಯುವುದಿಲ್ಲ. ಒಂಟಿ ಕಾಲಿನ ದೊಡ್ಡ ಬೋರ್ಡು ಬೇಕೆಂದರೆ ನಾನು ಒಪ್ಪುವುದೇ ಇಲ್ಲ. ಗಾಳಿ ಓರೆಯಾಗಿ ಬಂದರೆ ಅದು ಕತ್ತು ತಿರುಗಿಸುತ್ತದೆ.

ಹೊಂಡದ ವಿಷಯದಲ್ಲಿ ಕಲಿತದ್ದು ಇನ್ನೂ ಜಾಸ್ತಿ. ಮೊದಲು 4 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳ ಅಂದುಕೊಂಡಿದ್ದೆ. ಎಂಜಿನಿಯರ್ ಅದನ್ನು 5ಕ್ಕೆ 3 ಮಾಡಿಸಿದರು, ಆಳ ಅಷ್ಟೇ. ಉದ್ದ ಭಾಗ ಬೋರ್ಡಿನ ಮುಂದೆ ಹಿಂದೆ ಬರಬೇಕು, ಯಾಕೆಂದರೆ ಬೋರ್ಡು ಮಗುಚುವುದು ಆ ಕಡೆಗೇ ಅಲ್ವಾ. ಕಾಂಕ್ರೀಟು 80 ಘನ ಅಡಿಯಿಂದ 75ಕ್ಕೆ ಇಳಿಯಿತು, ಹಿಡಿತ ಮಾತ್ರ ಜಾಸ್ತಿಯಾಯಿತು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ಪಿಕ್ಕಾಸು ಹಿಡಿದವನ ಕೈಯಲ್ಲಿ ಬೊಬ್ಬೆ ಏಳುತ್ತದೆ, ಆದರೆ ಒಮ್ಮೆ ತೋಡಿದರೆ ಆ ಕಲ್ಲೇ ಕಾಂಕ್ರೀಟನ್ನು ಹಿಡಿದುಕೊಳ್ಳುತ್ತದೆ. ಕಡಲ ಹತ್ತಿರದ ಹೊಯಿಗೆಯಲ್ಲಿ (ಮರಳಿನಲ್ಲಿ) ಹಾಗಲ್ಲ. ಅಲ್ಲಿ ಮಣ್ಣಿನ ಸಹಾಯ ಇಲ್ಲ ಅಂತಲೇ ಇಟ್ಟುಕೊಂಡು ಬರೀ ಕಾಂಕ್ರೀಟಿನ ತೂಕದಲ್ಲಿ ನಿಲ್ಲುವ ಹಾಗೆ ಮಾಡುತ್ತೇನೆ.

ಕಳೆದ ಬಾರಿ ಒಂದು ದೇವಸ್ಥಾನದ ಕಮಿಟಿಗೆ ಎಸ್ಟಿಮೇಟ್ ಕೊಟ್ಟಾಗ ಖಜಾಂಚಿಯವರು ಕೇಳಿದರು, "ಅಲ್ಲ ಮಾರಾಯ, ಬೋರ್ಡಿಗಿಂತ ಹೊಂಡಕ್ಕೇ ಜಾಸ್ತಿ ದುಡ್ಡಾ?" ನಾನು ಮುಂಬೈಯ ಘಾಟ್ಕೋಪರ್ ಕತೆ ತೆಗೆದೆ. 2024ರ ಮೇ 13ರಂದು ಅಲ್ಲಿ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. "ಅದು 120 ಅಡಿಯದ್ದು, ನಮ್ಮದು 12" ಅಂದರು. ಹೌದು, ಆದರೆ ನಮ್ಮದರ ಕೆಳಗೆ ಶಾಲೆ ಮಕ್ಕಳು ಬಸ್ಸಿಗೆ ನಿಲ್ಲುತ್ತಾರೆ ಅಣ್ಣ ಅಂದೆ. ಮಡಚಿದ ಪೈಪಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ, ಅದನ್ನೂ ತೋರಿಸಿದೆ. ಆಮೇಲೆ ಚೌಕಾಸಿ ಪೇಂಟಿನ ಬಗ್ಗೆ ಮಾತ್ರ ನಡೆಯಿತು.

ಪತ್ತನಾಜೆಯ, ಅಂದರೆ ಮೇ ಕೊನೆಗೆ ನಮ್ಮ ಕಡೆಯ ಜಾತ್ರೆಗಳೆಲ್ಲ ಮುಗಿಯುವ ದಿನದ, ಮೊದಲು ಮುಗಿಸಬೇಕು ಅಂತ ಅವರಿಗೆ ಅವಸರ. ಆದರೂ ಕಂಬ ನೆಟ್ಟು ಎರಡು ವಾರ ಕಾಂಕ್ರೀಟಿಗೆ ನೀರು ಬಿಟ್ಟೇ ಮೇಲೆ ಬೋರ್ಡು ಏರಿಸಿದ್ದು. ಕಾಂಕ್ರೀಟಿನ ತಲೆಯನ್ನು ನೆಲದಿಂದ ನಾಲ್ಕಿಂಚು ಎತ್ತರಿಸಿ ನಾಲ್ಕೂ ಕಡೆ ಇಳಿಜಾರು ಕೊಟ್ಟೆ. ಉಪ್ಪುಗಾಳಿಯ ಊರಿನಲ್ಲಿ ಕಂಬ ತುಕ್ಕು ಹಿಡಿಯುವುದು ಸರಿಯಾಗಿ ಅಲ್ಲೇ, ಕಾಂಕ್ರೀಟಿನಿಂದ ಹೊರಗೆ ಬರುವ ಜಾಗದಲ್ಲಿ. ಪೈಪಿನ ಮೇಲಿನ ಬಾಯಿಗೆ ಪ್ಲೇಟ್ ಇಟ್ಟು ಮುಚ್ಚಬೇಕು, ಇಲ್ಲದಿದ್ದರೆ ಇಡೀ ಮಳೆಗಾಲ ಅದು ನೀರಿನ ಟ್ಯಾಂಕಿ. ಫ್ಲೆಕ್ಸಿನ ಬದಲು ಎಸಿಪಿ ಶೀಟ್ (ಎರಡು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಗಟ್ಟಿ ಹಾಳೆ) ಹಾಕಿದೆ. ಫ್ಲೆಕ್ಸ್ ಪಟಪಟ ಹೊಡೆದುಕೊಂಡು ಬೋಲ್ಟುಗಳನ್ನು ಸಡಿಲ ಮಾಡುತ್ತದೆ. ಗಾಳಿ ಹೋಗಲಿ ಅಂತ ಅದಕ್ಕೆ ಅರ್ಧಚಂದ್ರದ ಹಾಗೆ ಕೊಯ್ಯುತ್ತಾರಲ್ಲ, ಅದು ಸುಮ್ನೆ ಸಮಾಧಾನಕ್ಕೆ.

ಒಂದು ಮಳೆಗಾಲ ಕಳೆಯಿತು. ಕಂಬಕ್ಕೆ ಸಾಹುಳಿ (ತೂಕದ ಗುಂಡು) ಹಿಡಿದು ನೋಡಿದೆ, ನೂಲಿನಷ್ಟೂ ವಾಲಿಲ್ಲ. ಅಕ್ಷರ ಅಂಟಿಸಿದ್ದು ನಾನಲ್ಲ, ಕಮಿಟಿಯ ಹುಡುಗರು. ‘ಸ್ವಾಗತ’ದ ವ ಒತ್ತು ಗಾಳಿಗೆ ಹಾರಿಹೋಗಿ ಈಗ ಅಲ್ಲಿ ‘ಸಾಗತ’ ಅಂತಿದೆ.