ನೀರೊಳ್ಳೆಯೋ ಮಂಡಲವೋ? ಕೆನ್ನೆ ನೋಡಿ, ಪೊರೆ ಎಣಿಸಿ

ಮಳೆ ಶುರುವಾದರೆ ಸಾಕು, ನನ್ನ ಮೊಬೈಲಿಗೆ ಹಾವಿನ ಫೋಟೋಗಳು ಬರುತ್ತವೆ. ಮಂಡ್ಯ ಕಡೆಯ ನಾಲೆ ಬಯಲಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ನನ್ನ ಹಳೇ ಮಕ್ಕಳೆಲ್ಲ ಈಗ ಗದ್ದೆ ಮಾಡುತ್ತಾರೆ. "ಮೇಡಂ, ಇದು ಮಂಡಲಾನಾ?" ಅಂತ ಕೇಳುತ್ತಾರೆ. ಮಂಡಲ ಅಂದರೆ ವಿಷದ ಕೊಳಕುಮಂಡಲ. ಜಾಸ್ತಿ ಸಲ ಫೋಟೋದಲ್ಲಿರುವುದು ವಿಷವಿಲ್ಲದ ನೀರೊಳ್ಳೆ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ನೀರೊಳ್ಳೆ ಹಳದಿ, ಕಂದು, ಬೂದು, ಪಾಚಿ ಬಣ್ಣ, ಹೇಗೆ ಬೇಕಾದರೂ ಇರುತ್ತದೆ. ಮೈಮೇಲಿನ ಕಪ್ಪು ಚೌಕಳಿಯೂ ಕೆಲವದರಲ್ಲಿ ಮಾಸಿರುತ್ತದೆ. ಕೆನ್ನೆ ನೋಡಿ. ಕಣ್ಣಿನ ಕೆಳಗಿಂದ ತುಟಿಗೆ ಒಂದು ಕಪ್ಪು ಗೆರೆ, ಕಣ್ಣಿನ ಹಿಂದಿನಿಂದ ಬಾಯಿಯ ಮೂಲೆಗೆ ಇನ್ನೊಂದು. ಎರಡೂ ಓರೆಯಾಗಿ ಇಳಿದಿರುತ್ತವೆ. ಅದಕ್ಕೇ ಫೋಟೋ ಮೇಲಿಂದ ತೆಗೆಯಬೇಡಿ. ದೂರ ನಿಂತು, ಜೂಮ್ ಮಾಡಿ, ತಲೆಯ ಪಕ್ಕದಿಂದ ತೆಗೆಯಿರಿ.

ಮಂಡಲದ ತಲೆ ಮೇಲೆ ಪುಟ್ಟ ಪುಟ್ಟ ಹುರುಪೆಗಳು ಒತ್ತೊತ್ತಾಗಿರುತ್ತವೆ. ನೀರೊಳ್ಳೆಗೆ ಅಲ್ಲಿ ದೊಡ್ಡ ನುಣುಪು ಫಲಕಗಳು. ಮಂಡಲದ ಮೈಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆ, ನೀರೊಳ್ಳೆಯದು ಚದುರಂಗದ ಮಣೆ. ರೇಗಿದರೆ ನೀರೊಳ್ಳೆಯೂ ಕತ್ತು ಚಪ್ಪಟೆ ಮಾಡಿ ತಲೆ ಎತ್ತುತ್ತದೆ. ಜನ ನಾಗರ ಅಂದುಕೊಂಡು ಕೊಲ್ಲುವುದು ಆಗಲೇ.

ಇನ್ನು ನನ್ನ ಇಷ್ಟದ ಕೆಲಸ, ಪೊರೆ ಓದುವುದು. ಬದುವಿನಲ್ಲಿ ಸಿಕ್ಕ ಪೊರೆ ಕಚ್ಚುವುದಿಲ್ಲ ಅಲ್ವಾ! ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಹೊಟ್ಟೆ ಭಾಗದ ನಡುವೆ ಉದ್ದಕ್ಕೆ ಕತ್ತರಿಸಿ, ಬಿಳಿ ಹಾಳೆ ಮೇಲೆ ಹರಡಿ. ಮೈಯ ನಟ್ಟನಡುವೆ, ಹೊಟ್ಟೆಯ ಅಗಲ ಪಟ್ಟಿಯ ಪಕ್ಕದ ಹುರುಪೆಯಿಂದ ಶುರುಮಾಡಿ, ಓರೆಯಾಗಿ ಬೆನ್ನು ದಾಟಿ ಆಚೆ ಬದಿಯ ಪಟ್ಟಿಯವರೆಗೆ ಎಣಿಸಿ. ನೀರೊಳ್ಳೆಗೆ 19 ಸಾಲು. ಬೆನ್ನಿನ ಪ್ರತಿ ಹುರುಪೆಯ ನಟ್ಟನಡುವೆ ಉದ್ದಕ್ಕೊಂದು ಏಣು ಬೆರಳಿಗೆ ತಾಗುತ್ತದೆ, ಅಂಚಿನ ಸಾಲುಗಳು ನುಣುಪು. ಮಂಡಲಕ್ಕೂ ಏಣಿದೆ, ಆದರೆ ಸಾಲು ತುಂಬಾ ಜಾಸ್ತಿ, ಸಾಮಾನ್ಯವಾಗಿ 27ರಿಂದ 33. ನಾಗರಕ್ಕೆ ಏಣೇ ಇಲ್ಲ.

ಒಂದು ತೊಡಕಿದೆ. ಬೆನ್ನ ಮೇಲೆ ಎರಡು ಹಳದಿ ಪಟ್ಟೆ ಇರುವ ಚಿಕ್ಕ ಒಳ್ಳೆ ಹಾವಿಗೂ 19 ಸಾಲೇ. ಆಗ ತುಟಿಯ ಹುರುಪೆ ಎಣಿಸಬೇಕು. ಪೊರೆಯಲ್ಲಿ ತಲೆ ಭಾಗ ಹರಿಯದೆ ಉಳಿದಿದ್ದರೆ ಮೇಲ್ದುಟಿಯ ಒಂದು ಬದಿ ನೋಡಿ. ನೀರೊಳ್ಳೆಗೆ ಸಾಮಾನ್ಯವಾಗಿ 9, ಅದರಲ್ಲಿ 4 ಮತ್ತು 5ನೆಯದು ಕಣ್ಣಿಗೆ ತಾಗುತ್ತವೆ. ಪಟ್ಟೆ ಒಳ್ಳೆಗೆ 8, ಕಣ್ಣಿಗೆ ತಾಗುವುದು 3, 4, 5. ಇದಕ್ಕೊಂದು ಭೂತಗನ್ನಡಿ ಬೇಕೇ ಬೇಕು.

ಜೀವಂತ ಹಾವಿನ ಮೇಲೆ ಈ ಎಣಿಕೆ ಬೇಡ. ನೀರೊಳ್ಳೆಗೆ ವಿಷವಿಲ್ಲ, ಆದರೆ ಸಿಟ್ಟಿನ ಪ್ರಾಣಿ, ರಕ್ತ ಬರುವಂತೆ ಕಚ್ಚುತ್ತದೆ. ಯಾವ ಹಾವು ಕಚ್ಚಿದರೂ "ನೀರಾವು ಇರಬೇಕು" ಅಂತ ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ವೈಜ್ಞಾನಿಕ ಹೆಸರಿನ ವಿಷಯ. ಜರ್ಮನಿಯ ವಿದ್ವಾಂಸ ಷ್ನೈಡರ್ 1799ರಲ್ಲಿ ನೀರೊಳ್ಳೆಯನ್ನು ಹೈಡ್ರಸ್ ಪಿಸ್ಕೇಟರ್ ಅಂದರು. ಆಮೇಲೆ ಟ್ರೊಪಿಡೊನೋಟಸ್, ನ್ಯಾಟ್ರಿಕ್ಸ್, ಕ್ಸೀನೊಕ್ರೋಫಿಸ್ ಅಂತ ಕುಲ, ಅಂದರೆ ಹೆಸರಿನ ಮೊದಲ ಪದ, ಬದಲಾಗುತ್ತಾ ಬಂತು. 2018ರ ವರ್ಗೀಕರಣ ಪರಿಷ್ಕರಣೆಯ ನಂತರ ಫೌಲಿಯಾ ಪಿಸ್ಕೇಟರ್. ನಿಮ್ಮ ಪುಸ್ತಕದಲ್ಲಿ ಕ್ಸೀನೊಕ್ರೋಫಿಸ್ ಅಂತಿದ್ದರೆ ಗಾಬರಿ ಬೇಡ, ಹಾವು ಅದೇ. ಪೊರೆಯ ಚೀಟಿಯಲ್ಲಿ ಮಾತ್ರ ಹೊಸ ಹೆಸರು, ಊರು, ತಾರೀಖು ಬರೆದಿಡಿ.