ಒಂದು ಪಾಳಿ ಎದ್ದು ಇನ್ನೊಂದು ಮಲಗುವ ಮೊದಲು

ಡಯಾಲಿಸಿಸ್ ಕೇಂದ್ರದಲ್ಲಿ ಯಾವ ಹೊತ್ತಿಗೆ ಹೆಚ್ಚು ಎಚ್ಚರ ಬೇಕು ಎಂದರೆ ಹಲವರು ಸೂಜಿ ಚುಚ್ಚುವಾಗ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಪಾಳಿ ಬದಲಾಗುವ ಗಡಿಬಿಡಿ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಬಸ್ಸಿನಲ್ಲಿ ಬಂದವರು ಬಾಗಿಲಲ್ಲಿ ಕಾದಿರುತ್ತಾರೆ, ಎದ್ದವರು ಒಳಗೆ ಇನ್ನೂ ಚಪ್ಪಲಿ ಹುಡುಕುತ್ತಿರುತ್ತಾರೆ. ರಕ್ತದ ಮೂಲಕ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್, ರಕ್ತ ಒಣಗಿದ ಮೇಲೂ ಕನಿಷ್ಠ 7 ದಿನ ಜೀವಂತ ಇರಬಲ್ಲದು. ರಕ್ತದ ಕಲೆ ಕಣ್ಣಿಗೆ ಬೀಳಲೇಬೇಕೆಂದಿಲ್ಲ.

ಆದ್ದರಿಂದ ಮೊದಲ ಕೆಲಸ ಒರೆಸುವುದು, ಅದೂ ಹಿಂದಿನ ರೋಗಿ ಜಾಗ ಬಿಟ್ಟ ಮೇಲೆ. ಹಾಸಿಗೆಯ ಜತೆಗೆ ಯಂತ್ರದ ಗುಂಡಿಗಳು, ಬಿಪಿ ನೋಡುವ ಪಟ್ಟಿ, ಊಟದ ಹಲಗೆ ಎಲ್ಲವನ್ನೂ ಒರೆಸಬೇಕು. ಶೇ 5ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಒಂದು ಪಾಲಿಗೆ 99 ಪಾಲು ನೀರು ಸಾಕು. ರಕ್ತ ಚೆಲ್ಲಿದ್ದರೆ ಮೊದಲು ಅದನ್ನು ತೆಗೆದು, ಬಳಿಕ ಒಂದಕ್ಕೆ ಒಂಬತ್ತು ಪಾಲಿನ ದ್ರಾವಣ. ದ್ರಾವಣ ಆ ದಿನವೇ ಕಲಸಿದ್ದಾಗಿರಲಿ, ಒರೆಸಿದ್ದು ತಾನಾಗಿ ಆರಲಿ.

ಇನ್ನು ಕೈ. ಗ್ಲೌಸ್ ತೊಟ್ಟರೆ ಕೈ ತೊಳೆಯಬೇಕಿಲ್ಲ ಎಂಬುದು ತಪ್ಪು ಎಣಿಕೆ. ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಗ್ಲೌಸ್ ಕಳಚಿ, ಕೈ ಶುಚಿಗೊಳಿಸಿ, ಹೊಸದನ್ನು ತೊಡಬೇಕು. ವಾರಕ್ಕೆ ಎರಡು ಮೂರು ಸಲ ತಮಗೆ ಸೂಜಿ ಹಾಕುವವರನ್ನು ಕೇಳಲು ರೋಗಿಗಳಿಗೆ ಸಂಕೋಚ. ‘ಸಿಸ್ಟರೇ, ಗ್ಲೌಸ್ ಒನ್ನ್ ಮಾಟ್ಟಾಮೋ?’ (ಗ್ಲೌಸ್ ಒಮ್ಮೆ ಬದಲಿಸುತ್ತೀರಾ?) ಎಂದು ಮಲಯಾಳದಲ್ಲಿ ನಗುತ್ತ ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ನೀವೂ ಫಿಸ್ಟುಲಾ (ಸೂಜಿ ಹಾಕಲೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯನ್ನು ಸಾಬೂನು ಹಾಕಿ ತೊಳೆದುಕೊಂಡೇ ಮಲಗಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಸಿರಿಂಜಿಗೆ ತುಂಬುವುದು ಹಾಸಿಗೆಗಳಿಂದ ದೂರದ ಶುಚಿಯಾದ ಮೇಜಿನಲ್ಲಿ. ಒಬ್ಬರ ಹಾಸಿಗೆಯ ಬಳಿಗೆ ಬಂದ ಬಾಟಲಿ, ಪ್ಲಾಸ್ಟರ್ ಸುರುಳಿ ಮತ್ತೆ ಎಲ್ಲರ ಸಾಮಾನಿನ ಜತೆ ಸೇರಬಾರದು. ಔಷಧದ ಟ್ರಾಲಿ ಹಾಸಿಗೆಯಿಂದ ಹಾಸಿಗೆಗೆ ಉರುಳುತ್ತಿದ್ದರೆ ಆ ಕೇಂದ್ರದ ಬಗ್ಗೆ ನನಗಂತೂ ಅನುಮಾನ.

ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಯಂತ್ರ ಬೇಕು. ಅವರ ಡಯಲೈಸರನ್ನು (ರಕ್ತ ಸೋಸುವ ಫಿಲ್ಟರ್) ತೊಳೆದು ಮರುಬಳಕೆ ಮಾಡುವಂತಿಲ್ಲ. ಎಚ್‌ಐವಿಗೆ ಪ್ರತ್ಯೇಕ ಯಂತ್ರದ ಅಗತ್ಯವಿಲ್ಲ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಹೆಚ್ಚಿನವರನ್ನು ಗುಣಪಡಿಸುವ ಮಾತ್ರೆಗಳಿವೆ. ಬಿಗೆ ಲಸಿಕೆ ಉಂಟು. ಡಯಾಲಿಸಿಸ್ ರೋಗಿಗಳಿಗೆ ಸಾಮಾನ್ಯವಾಗಿ ಇಮ್ಮಡಿ ಪ್ರಮಾಣದಲ್ಲಿ 0, 1, 2 ಮತ್ತು 6ನೇ ತಿಂಗಳಿಗೆ ಕೊಡುತ್ತಾರೆ. ಕೊನೆಯ ಚುಚ್ಚುಮದ್ದಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ವೈರಸ್ ತಡೆಯುವ ಪ್ರತಿಕಾಯ 10 mIU/mLಗೆ ಮುಟ್ಟಿದೆಯೇ ಎಂದು ನೋಡಿಸಬೇಕು. ಮೂತ್ರಪಿಂಡ ಪೂರ್ತಿ ಸೋಲುವ ಮೊದಲೇ ಹಾಕಿಸಿಕೊಂಡರೆ ಲಸಿಕೆ ಚೆನ್ನಾಗಿ ಹತ್ತುತ್ತದೆ.

ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪರೀಕ್ಷೆ), ಎಚ್‌ಸಿವಿ (ಹೆಪಟೈಟಿಸ್ ಸಿ ಪರೀಕ್ಷೆ), ಎಚ್‌ಐವಿ ವರದಿಗಳ ಪ್ರತಿ ಯಾವಾಗಲೂ ಚೀಲದಲ್ಲಿರಲಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕೇರಳ–ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ನೆನಪಿದೆಯಲ್ಲ. ಹೊಸ ಕೇಂದ್ರಕ್ಕೆ ಹೋದರೆ ಅಲ್ಲಿನವರು ಮೊದಲು ಕೇಳುವುದು ಈ ಕಾಗದಗಳನ್ನೇ.

ಜ್ವರ, ಕೆಮ್ಮು ಇದ್ದರೆ ಡಯಾಲಿಸಿಸ್ ತಪ್ಪಿಸಬೇಡಿ, ಅದು ಇನ್ನೂ ಅಪಾಯ. ಮನೆಯಿಂದ ಹೊರಡುವ ಮೊದಲೇ ಕೇಂದ್ರಕ್ಕೆ ಫೋನ್ ಮಾಡಿ, ಮಾಸ್ಕ್ ಹಾಕಿಕೊಳ್ಳಿ. ಕೊನೆಯ ಪಾಳಿಯೋ ಮೂಲೆಯ ಹಾಸಿಗೆಯೋ ಅವರು ಹೊಂದಿಸಿ ಕೊಡುತ್ತಾರೆ. ಜತೆಗೆ ಬಂದವರಿಗೂ ಕೆಮ್ಮಿದ್ದರೆ ಹೊರಗಿನ ಬೆಂಚೇ ವಾಸಿ.