ಹೊಗೆಯ ದೂರು: ಮೊದಲು ನೋಟ್‌ಬುಕ್, ಆಮೇಲೆ ಅರ್ಜಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಮುತ್ತಲಿನ ಓಣಿಗಳಿಂದ ಹೋಗುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ನಮ್ಮ ಭಾಗದಲ್ಲಿ ವಿಪರೀತ ಹೊಗೆ, ದಯಮಾಡಿ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಕೆಳಗೆ ಪುಟಗಟ್ಟಲೆ ಸಹಿ. ಬರುವ ಉತ್ತರವೂ ಒಂದೇ ಥರ: ‘ಸ್ಥಳ ಪರಿಶೀಲನೆ ವೇಳೆ ಹೊಗೆ ಕಂಡುಬಂದಿಲ್ಲ.’ ಉತ್ತರ ಸುಳ್ಳೇನಲ್ಲ. ಬೆಳಗಿನ ಜಾವ ಉರಿಯುವ ಒಲೆಯನ್ನು ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ ಹೊಗೆ ಎಲ್ಲಿಂದ ಕಾಣಬೇಕು? ಅರ್ಜಿಯಲ್ಲಿ ಹೊತ್ತೇ ಬರೆದಿರುವುದಿಲ್ಲ.

ಶುರು ಮಾಡುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ದೂರು ಭಟ್ಟಿಯ ಮೇಲೋ, ಅಲ್ಲಿ ಉರಿಸುವ ಸಾಮಾನಿನ ಮೇಲೋ? ‘ಭಟ್ಟಿ ಮುಚ್ಚಿಸಿ’ ಎಂದು ಬರೆಯಬೇಡಿ. ಎಲ್ಲರಿಗಿಂತ ಜಾಸ್ತಿ ಹೊಗೆ ಕುಡಿಯುವವರು ಒಲೆ ಮುಂದೆ ಕೂತು ಮಂಡಕ್ಕಿ ಹುರಿಯುವವರು. ಅವರ ಮನೆಯೂ ಅಲ್ಲೇ ಹಿಂದೆ ಇರುತ್ತದೆ. ಸಂಜೆ ಮಿರ್ಚಿ ಜತೆ ಖಾರಾ ಮಂಡಕ್ಕಿ ತಿನ್ನುವ ದೂರದ ಬಡಾವಣೆಗೆ ಈ ಹೊಗೆಯ ವಾಸನೆಯೂ ತಾಕುವುದಿಲ್ಲ. ಭತ್ತದ ಹೊಟ್ಟಿನ ಜತೆ ಹಳೇ ಟೈರ್, ರಬ್ಬರ್ ಉರಿಸುತ್ತಾರೆ ಎನ್ನುವುದು ಊರಿನ ಹಳೇ ದೂರು. ಅದನ್ನೇ ಹಿಡಿಯಿರಿ. ಟೈರ್ ಸುಟ್ಟರೆ ಕರಿಮಸಿಯ ಜತೆ ಸಲ್ಫರ್ ಡೈಆಕ್ಸೈಡ್, ಬೆಂಜೀನ್ ಕೂಡ ಬರುತ್ತದೆ. ಉರುವಲು ಬದಲಾದರೆ ಕೆಲಸವೂ ಉಳಿಯುತ್ತದೆ, ಎದೆಯೂ ಉಳಿಯುತ್ತದೆ.

ಹಂತ 1: ನೋಟ್‌ಬುಕ್

ಕೆಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಬಿಡಿ ಹಾಳೆ ಬೇಡ. ಬಿಡಿ ಹಾಳೆಯನ್ನು ಯಾವಾಗ ಬೇಕಾದರೂ ಸೇರಿಸಬಹುದು ಎಂದು ಎದುರಿನವರು ಹೇಳೇ ಹೇಳುತ್ತಾರೆ. ಪುಟಕ್ಕೆ ನಂಬರ್ ಹಾಕಿ. ಹೊಗೆ ಬಂದ ದಿನ ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹೊಗೆಯ ಬಣ್ಣ, ವಾಸನೆ ಬರೆಯಿರಿ. ‘ಭಯಂಕರ’, ‘ಉಸಿರುಗಟ್ಟುವಂಥ’ ಬೇಡ. ‘5.10ರಿಂದ 7.40. ಗಾಳಿ ಮೂಡಣದಿಂದ. ಕಪ್ಪು. ರಬ್ಬರ್ ವಾಸನೆ. ಎದುರಿನ ನೀರಿನ ಟ್ಯಾಂಕ್ ಕಾಣುತ್ತಿರಲಿಲ್ಲ.’ ಇಷ್ಟು ಸಾಕು. ಹೊಗೆ ಬಾರದ ದಿನವೂ ‘ಇಲ್ಲ’ ಎಂದು ಬರೆಯಿರಿ. ಬರೀ ಕೆಟ್ಟ ದಿನಗಳೇ ಇರುವ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಗಾಳಿಯ ದಿಕ್ಕನ್ನು ಊಹೆ ಮೇಲೆ ಬರೆಯಬೇಡಿ. ಟೆರೇಸಿನಲ್ಲಿ ಕೋಲಿಗೆ ಒಂದು ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ. ಆರು ತಿಂಗಳು ಒಂದು ಓಣಿ ಕೆಮ್ಮಿದರೆ ಇನ್ನಾರು ತಿಂಗಳು ಎದುರಿನ ಓಣಿ. ಹಾಗಾಗಿ ಎರಡೂ ಕಡೆ ಒಂದೊಂದು ಮನೆಯವರು ಬರೆದರೆ ಬಲ ಜಾಸ್ತಿ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರ ತಣ್ಣನೆ ಗಾಳಿ ಕೂತಿರುತ್ತದೆ, ಹೊಗೆ ಮೇಲೆ ಏಳುವುದಿಲ್ಲ. ಡಿಸೆಂಬರ್, ಜನವರಿಯ ಪುಟಗಳು ಮುಖ್ಯ.

ಮಸಿಯನ್ನೂ ನೋಡಿ. ಒಂದು ಬಿಳೀ ಟೈಲ್ಸ್ ತುಂಡನ್ನು ರಾತ್ರಿ ಟೆರೇಸಿನಲ್ಲಿಟ್ಟು ಬೆಳಿಗ್ಗೆ ಬೆರಳಿನಿಂದ ಉಜ್ಜಿ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಬೆರಳಿಗೆ ಮರಳುಮರಳಾಗಿ ತಾಕಿ ಉದುರಿ ಹೋಗುತ್ತದೆ. ರಬ್ಬರ್ ಮಸಿ ಜಿಡ್ಡಾಗಿ ಎಳೆದುಕೊಳ್ಳುತ್ತದೆ, ಸೋಪು ಹಾಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ತಂತಿ. ಟೈರ್ ಸುಟ್ಟು ಹೋದರೂ ಒಳಗಿನ ಉಕ್ಕಿನ ತಂತಿ ಸುಡುವುದಿಲ್ಲ. ರಸ್ತೆ ಬದಿಗೆ ಸುರಿದ ಬೂದಿ ಗುಡ್ಡೆಯಲ್ಲಿ ತುಕ್ಕು ಹಿಡಿದ ತಂತಿ ಸುರುಳಿ ಕಂಡರೆ ಜಿಪಿಎಸ್ ಕ್ಯಾಮೆರಾ ಆ್ಯಪಿನಲ್ಲಿ ಫೋಟೊ ತೆಗೆಯಿರಿ. ಭಟ್ಟಿಯ ಒಳಗೆ ನುಗ್ಗಬೇಡಿ. ಜಗಳವಾದರೆ ಹೊಗೆಯ ವಿಷಯ ಅಲ್ಲಿಗೇ ಮುಗಿಯಿತು.

ಫೋನಿನಲ್ಲಿ ಕಾಣುವ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಅಂಕಿಯನ್ನು ಮಾತ್ರ ನೆಚ್ಚಬೇಡಿ. ಊರಿನ ಗಾಳಿಯನ್ನು ತಾನೇ ಅಳೆಯುವ ಕೇಂದ್ರ ಇರುವುದು ದೇವರಾಜ ಅರಸು ಬಡಾವಣೆಯಲ್ಲಿ; ಆ ಅಂಕಿ ನಿಮ್ಮ ಓಣಿಯದ್ದಲ್ಲ. ಮೇಲಾಗಿ ಗಾಳಿಯಲ್ಲಿನ ಸಣ್ಣ ಕಣಗಳಾದ ಪಿಎಂ 2.5, ಪಿಎಂ 10ರ ಎಕ್ಯೂಐಗೆ 24 ಗಂಟೆಯ ಸರಾಸರಿ ಹಿಡಿಯುತ್ತಾರೆ. ಬೆಳಗಿನ ಎರಡೂವರೆ ಗಂಟೆಯ ಕರಿಹೊಗೆ ಉಳಿದ ಗಂಟೆಗಳ ಜತೆ ಸೇರಿ ತೆಳುವಾಗಿ ಹೋಗುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮೀಟರ್ ತೇವ ಇದ್ದರೆ ಬಾಯಿಗೆ ಬಂದ ಅಂಕಿ ತೋರಿಸುತ್ತದೆ. ದುಡ್ಡು ದಂಡ. ಆ ದುಡ್ಡಿಗೆ ಮನೆಯ ಅಜ್ಜಿಗೊಂದಿಷ್ಟು ಎನ್95 ಮಾಸ್ಕ್ ತನ್ನಿ. ಬಟ್ಟೆ ಮಾಸ್ಕ್ ಈ ಸಣ್ಣ ಕಣ ತಡೆಯುವುದಿಲ್ಲ.

ಹಂತ 2: ಅರ್ಜಿ

ಒಂದೇ ಪುಟ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ದಾವಣಗೆರೆ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಬರೆಯಿರಿ, ಪ್ರತಿಗಳು ಜಿಲ್ಲಾಧಿಕಾರಿಗೆ, ಪಾಲಿಕೆ ಆಯುಕ್ತರಿಗೆ. ಕೇಳುವುದು ಮೂರೇ: ನೋಟ್‌ಬುಕ್‌ನಲ್ಲಿ ಬರೆದ ಹೊತ್ತಿಗೇ ಬಂದು ಪರಿಶೀಲಿಸಿ, ಉರುವಲು ಏನೆಂದು ಮಹಜರಿನಲ್ಲಿ (ಸ್ಥಳದಲ್ಲೇ ಬರೆಯುವ ವರದಿಯಲ್ಲಿ) ದಾಖಲಿಸಿ, ಮಹಜರಿನ ಪ್ರತಿ ಕೊಡಿ. 1981ರ ವಾಯು ಕಾಯ್ದೆಯ 31ಎ ಕಲಂ ಪ್ರಕಾರ ಮಂಡಳಿ ನಿರ್ದೇಶನ ಕೊಡಬಹುದು, ಕರೆಂಟು, ನೀರು ಕಡಿತ ಮಾಡಿಸಲೂಬಹುದು ಎಂದು ಒಂದು ಸಾಲು ಸೇರಿಸಿ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಕರ್ನಾಟಕದ ಅದರ ನಾಲ್ಕು ಊರುಗಳಲ್ಲಿ ದಾವಣಗೆರೆಯೂ ಒಂದು. ಅದನ್ನೂ ಬರೆಯಿರಿ. ನೋಟ್‌ಬುಕ್‌ನ ಜೆರಾಕ್ಸ್ ಲಗತ್ತಿಸಿ, ಅಸಲು ಯಾರ ಕೈಗೂ ಕೊಡಬೇಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಸುಮ್ನೆ ಕೂರುವುದು ದೂರಲ್ಲ.

ಹಂತ 3: ಆರ್‌ಟಿಐ

ತಿಂಗಳಾದರೂ ಸುದ್ದಿ ಇಲ್ಲವೆಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಬಿಪಿಎಲ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇಂಥ ಜಾಗದ ಘಟಕ ನಡೆಸಲು ಮಂಡಳಿ ಕೊಟ್ಟ ಸಮ್ಮತಿ ಪತ್ರದ ಪ್ರತಿ, ಪರಿಶೀಲನಾ ವರದಿಯ ಪ್ರತಿ ಕೊಡಿ ಎಂದು ಕೇಳಿ. ಸಮ್ಮತಿ ಪತ್ರವೇ ಇಲ್ಲವೆಂಬ ಉತ್ತರ ಬಂದರೆ ನಿಮ್ಮ ಅರ್ಧ ಕೆಲಸ ಆದಂತೆ.

ಆಮೇಲೆ

ಉಪವಿಭಾಗಾಧಿಕಾರಿಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಕಲಮಿನಡಿ ಸಾರ್ವಜನಿಕ ಉಪದ್ರವದ ಅರ್ಜಿ ಹಾಕಬಹುದು. ಹಳೇ ಸಿಆರ್‌ಪಿಸಿಯ 133 ಇದೇ. ಅದೂ ಆಗದಿದ್ದರೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ, ಆದರೆ ತೊಂದರೆ ಶುರುವಾದ ಆರು ತಿಂಗಳೊಳಗೆ ಹಾಕಬೇಕೆಂಬ ನಿಯಮ ಇದೆ. ಹಾಗಾಗಿ ಬೇರೆ ಕಚೇರಿಗಳ ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಡಿ. ವಕೀಲರ ಖರ್ಚಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಅರ್ಜಿಯಲ್ಲಿ ಮೊದಲ ಹೆಸರು ಓಣಿಯ ಹೆಣ್ಣುಮಗಳೊಬ್ಬರದ್ದೇ ಇರಲಿ.